ಔಷಧದ ಕಾಗದ ಮತ್ತು ವೈದ್ಯರ ವಿವೇಕ



ಕಳೆದ ತಿಂಗಳು ಹುಬ್ಬಳ್ಳಿಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ಹಿರಿಯರಿಗೆ ಬಹುಕಾಲದ ಸಕ್ಕರೆ ಕಾಯಿಲೆ. ರಾತ್ರಿಯೆಲ್ಲ ಅಂಗಾಲುಗಳ ಉರಿ. ವೈದ್ಯರು ಅಮಿಟ್ರಿಪ್ಟಿಲಿನ್ ಎಂಬ ಗುಳಿಗೆಯನ್ನು ಬರೆದುಕೊಟ್ಟಿದ್ದರು. ಅದರೊಡನಿದ್ದ ಮಾಹಿತಿಯ ಕಾಗದದಲ್ಲಿ ಖಿನ್ನತೆಯ ಹೆಸರನ್ನು ಕಂಡ ಮಗನಿಗೆ ಸಿಟ್ಟು ಬಂದಿತ್ತು. “ಗುರುಗಳ, ಕಾಲು ಉರೀತಾವಂತ ಹೋದ್ರ ಮನಸ್ಸಿನ ಬ್ಯಾನಿ ಗುಳಿಗಿ ಬರದಾರ ನೋಡ್ರಿ. ಅಪ್ಪಗ ಕೊಡೋದು ನಿಲ್ಲಿಸೀನಿ. ಇವರ ಮ್ಯಾಲ ಕೇಸ್ ಹಾಕಬಾರದೇನ್ರಿ?” ಎಂದು ಕೇಳಿದ. ಹಿರಿಯರು ಮಾತ್ರ ಮತ್ತೆ ನಿದ್ದೆಗೆಟ್ಟು ಕುಳಿತಿದ್ದರು.

ಯಾವುದೇ ಔಷಧಕ್ಕೆ ಸರಕಾರವು ಅನುಮತಿ ನೀಡುವಾಗ ಇಂಥ ರೋಗಕ್ಕೆ, ಇಷ್ಟು ಪ್ರಮಾಣದಲ್ಲಿ ಎಂದು ಗೊತ್ತುಪಡಿಸುತ್ತದೆ. ಮುಂದೆ ಅದೇ ಔಷಧವು ಬೇರೊಂದು ರೋಗಕ್ಕೂ ಹಿತವೆಂದು ವೈದ್ಯಲೋಕವು ಕಂಡುಕೊಳ್ಳಬಹುದು. ಆದರೆ ಅಗ್ಗದ ಹಳೆಯ ಗುಳಿಗೆಗಾಗಿ ಮತ್ತೆ ಹಣ ಸುರಿದು ಹೊಸ ಅನುಮತಿ ಪಡೆಯಲು ಕಂಪನಿಗಳು ಮುಂದಾಗುವುದು ವಿರಳ. ಅನುಭವವು ಮುಂದೆ ಸಾಗಿದರೂ ಕಾಗದವು ಹಿಂದೆಯೇ ಉಳಿಯುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವ ಅನೇಕ ಔಷಧಗಳ ಸ್ಥಿತಿಯೂ ಇದೇ.

ಹಾಗಾದರೆ ಇಂಥ ವೈದ್ಯರಿಗೆ ಕಾನೂನಿನ ರಕ್ಷೆ ಉಂಟೆ? 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯು ಮುಖ್ಯವಾಗಿ ಔಷಧಗಳ ಆಮದು, ತಯಾರಿಕೆ, ಮಾರಾಟಗಳನ್ನು ನಿಯಂತ್ರಿಸುತ್ತದೆ. ಕಾಗದದಲ್ಲಿಲ್ಲದ ಉಪಯೋಗಕ್ಕೆ ಔಷಧ ಬರೆದವರನ್ನು ಕಾಯುವ ಪ್ರತ್ಯೇಕ ಕಲಮು ಅದರಲ್ಲಿಲ್ಲ. ಇರುವ ರಕ್ಷೆಯು ನ್ಯಾಯಾಲಯದ ತೀರ್ಪುಗಳಿಂದ ಬಂದುದು. ಹಣ ಪಡೆದು ಮಾಡುವ ಚಿಕಿತ್ಸೆಯು ಗ್ರಾಹಕ ಕಾಯಿದೆಗೆ ಒಳಪಡುವುದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಹೇಳಿತು. ಅದೇ ನ್ಯಾಯಾಲಯವು 2005ರಲ್ಲಿ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ವೃತ್ತಿಬಾಂಧವರು ಒಪ್ಪುವ ಮಾರ್ಗವನ್ನು ವೈದ್ಯನು ಅನುಸರಿಸಿದ್ದರೆ, ಬೇರೊಂದು ಮಾರ್ಗವಿತ್ತೆಂಬ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದೆಂದೂ, ಘೋರ ನಿರ್ಲಕ್ಷ್ಯವಿಲ್ಲದೆ ಅವನನ್ನು ಅಪರಾಧಿಯನ್ನಾಗಿ ಮಾಡಲಾಗದೆಂದೂ ತೀರ್ಮಾನಿಸಿತು.

ಆದರೆ ಈ ರಕ್ಷೆಗೆ ಎಲ್ಲೆಯುಂಟು. ಸ್ತನದ ಕ್ಯಾನ್ಸರಿಗೆ ಬಳಸುವ ಲೆಟ್ರೋಜೋಲ್ ಎಂಬ ಔಷಧವನ್ನು ಸಂತಾನವಿಲ್ಲದ ಹೆಣ್ಣುಮಕ್ಕಳಿಗೂ ಕೊಡುವ ರೂಢಿಯಿತ್ತು. 2011ರಲ್ಲಿ ಕೇಂದ್ರ ಸರಕಾರವು ಆ ಉಪಯೋಗವನ್ನು ನಿಷೇಧಿಸಿತು; 2017ರಲ್ಲಿ ನಿಷೇಧವನ್ನು ತೆಗೆಯಿತು. ಕಾಗದದಲ್ಲಿ ಇಲ್ಲದಿರುವುದು ಬೇರೆ, ಸರಕಾರವು ಬೇಡವೆಂದಿರುವುದು ಬೇರೆ. ನಿಷೇಧವಿರುವಾಗ ‘ನನ್ನ ಅನುಭವ’ ಎಂಬ ಮಾತು ವೈದ್ಯನನ್ನು ಕಾಯಲಾರದು.

ಎರಡನೆಯ ಎಲ್ಲೆ ರೋಗಿಯ ಸಮ್ಮತಿ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ, ಬದಲಿ ಮಾರ್ಗ ಇವುಗಳನ್ನು ತಿಳಿಸಿಯೇ ಸಮ್ಮತಿ ಪಡೆಯಬೇಕೆಂದು 2008ರ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ಸಾರಿತು. ಅದು ಶಸ್ತ್ರಚಿಕಿತ್ಸೆಯ ಪ್ರಕರಣವಾದರೂ ತತ್ವವು ಗುಳಿಗೆಗೂ ಸಲ್ಲತಕ್ಕದ್ದು. ವೈದ್ಯರು ತಿಳಿಸಿ ಹೇಳಿದ ನಾಲ್ಕು ಮಾತು, ದಾಖಲೆಯಲ್ಲಿ ಬರೆದಿಟ್ಟ ಎರಡು ಸಾಲು ಅವರ ನಿಜವಾದ ಕವಚ.

ನಾವು ಆ ಮಗನಿಗೆ, “ಮೊದಲು ಕೇಳಿ ಬಾ, ಆಮೇಲೆ ಕೋರ್ಟಿನ ಮಾತು” ಎಂದೆವು. ಅವನು ಹೋದ. ಸಕ್ಕರೆಯಿಂದ ನರಗಳು ಘಾಸಿಗೊಂಡು ಉರಿಯುತ್ತವೆ, ಈ ಗುಳಿಗೆಯು ಸಣ್ಣ ಪ್ರಮಾಣದಲ್ಲಿ ಆ ನೋವನ್ನು ತಗ್ಗಿಸುತ್ತದೆ, ತೂಕಡಿಕೆ ಬರಬಹುದು, ಹೃದಯದ ತೊಂದರೆಯಾಗಲಿ ಮೂತ್ರದ ತಡೆಯಾಗಲಿ ಇದ್ದರೆ ಹೇಳಬೇಕು ಎಂದು ವೈದ್ಯರು ವಿವರಿಸಿದರಂತೆ. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಆ ಹಿರಿಯರಿಗೆ ಅಷ್ಟು ರಾತ್ರಿಗಳ ಸಂಕಟ ತಪ್ಪುತ್ತಿತ್ತು. ಅದು ವೈದ್ಯರ ಲೋಪ. ಕೇಳದೆಯೇ ಔಷಧ ನಿಲ್ಲಿಸಿದ್ದು ಮಗನ ಲೋಪ.

ಆದುದರಿಂದ ಗುಳಿಗೆ ಕೈಗೆ ಬಂದಾಗ ವಿನಯದಿಂದ ಕೇಳಿರಿ: ಇದು ಯಾವುದಕ್ಕೆ? ಈ ರೋಗಕ್ಕೆ ಅನುಮತಿಯುಂಟೆ? ಇಲ್ಲವಾದರೆ ಏಕೆ ಕೊಡುತ್ತೀರಿ? ಏನಾದರೆ ಮರಳಿ ಬರಬೇಕು? ಕೇಳುವುದು ಅವಿಶ್ವಾಸವಲ್ಲ. ಉತ್ತರಿಸುವ ವೈದ್ಯರನ್ನು ಕಾನೂನೂ ಕಾಯುತ್ತದೆ, ರೋಗಿಯ ವಿಶ್ವಾಸವೂ ಕಾಯುತ್ತದೆ.