ಸ್ಪಿತಿಯ ನೀರಿಗೆ ಊರೇ ಯಜಮಾನ

ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಮಳೆ ನಂಬಿ ಬಿತ್ತುವವರಿಲ್ಲ. ಮುಂಗಾರಿನ ಮೋಡಗಳನ್ನು ದಕ್ಷಿಣದ ಪರ್ವತಸಾಲುಗಳೇ ತಡೆದು ನಿಲ್ಲಿಸುತ್ತವೆ. ಚಳಿಗಾಲದಲ್ಲಿ ಬಿದ್ದ ಹಿಮ ಕರಗಿದರಷ್ಟೇ ಬೇಸಿಗೆಯ ಬೆಳೆಗೆ ನೀರು. ಆ ನೀರನ್ನು ಬೆಟ್ಟದ ನೆತ್ತಿಯಿಂದ ಹೊಲಕ್ಕಿಳಿಸುವ ಕಾಲುವೆಗಳನ್ನು ಅಲ್ಲಿ ‘ಕುಲ್’ ಎನ್ನುತ್ತಾರೆ. ಹೂಳೆತ್ತುವುದು, ಒಡೆದ ಏರಿ ಕಟ್ಟುವುದು, ಯಾರ ಹೊಲಕ್ಕೆ ಯಾವಾಗ ನೀರೆಂದು ಸರದಿ ಗೊತ್ತುಮಾಡುವುದು, ಎಲ್ಲವೂ ಊರಿನವರದೇ.

ಈ ಏರ್ಪಾಡಿನಲ್ಲಿ ಸಮಾನತೆ ಇತ್ತೆಂದಲ್ಲ. ಹೊಲ, ಮನೆಯ ಜೊತೆಗೆ ನೀರಿನ ಹಕ್ಕೂ ಹಿರಿಯ ಮಗನಿಗೆ ಹೋಗುತ್ತಿತ್ತು. ಕಿರಿಯರಲ್ಲಿ ಹಲವರು ಕೀ, ತಾಬೊದಂಥ ಬೌದ್ಧ ಮಠಗಳನ್ನು ಸೇರುತ್ತಿದ್ದರು. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ತಾಬೊ ಮಠದ ಭಿತ್ತಿಚಿತ್ರಗಳನ್ನು ಜಗತ್ತು ಕೊಂಡಾಡುತ್ತದೆ. ಜಮೀನು ತುಂಡಾಗದಂತೆ ಕಾಯ್ದ ಈ ಕಟ್ಟುಪಾಡಿನ ಭಾರ ಹೊತ್ತ ಕಿರಿಯ ಮಕ್ಕಳ ಕಥೆಯನ್ನೂ ನೆನೆಯಬೇಕು.

ಈಗ ಬಾರ್ಲಿ ಹೊಲಗಳ ಬಹುಭಾಗವನ್ನು ಹಸಿ ಬಟಾಣಿ ಆವರಿಸಿದೆ. ಬಯಲುಸೀಮೆಯಲ್ಲಿ ಬಟಾಣಿಯ ಕಾಲ ಮುಗಿದ ಮೇಲೆ ಇಲ್ಲಿ ಕೊಯ್ಲು. ಹಾಗಾಗಿ ಒಳ್ಳೆಯ ಬೆಲೆ. ಆ ದುಡ್ಡಿನಿಂದಲೇ ಎಷ್ಟೋ ಮನೆಗಳ ಮಕ್ಕಳು ಓದುತ್ತಿದ್ದಾರೆ. ಹಿಮ ಕಡಿಮೆ ಬಿದ್ದ ವರ್ಷ ಕುಲ್ ಸೊರಗುತ್ತದೆ, ವರ್ಷದ ಆದಾಯವೇ ಹೋಗುತ್ತದೆ.

ಸೊರಗುವ ನೀರನ್ನು ಹಂಚಿಕೊಳ್ಳುವುದು ಹೇಗೆಂಬುದಕ್ಕೆ, ಇದೇ ಕಣಿವೆಯ ಕಿಬ್ಬರ್ ಗ್ರಾಮ ತನ್ನ ಹುಲ್ಲುಗಾವಲನ್ನು ನಿಭಾಯಿಸಿದ ಅನುಭವ ದಾರಿ ತೋರುತ್ತದೆ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್‌ಗೂ ಎತ್ತರದ ಈ ಊರಿನಲ್ಲಿ ಹಿಮ ಚಿರತೆ ಯಾಕ್, ಕುದುರೆಗಳನ್ನು ಕೊಲ್ಲುತ್ತಿತ್ತು. 1990ರ ದಶಕದ ಕೊನೆಗೆ ಗ್ರಾಮಸ್ಥರು ತಮ್ಮ ಹುಲ್ಲುಗಾವಲಿನ ಒಂದು ಭಾಗದಲ್ಲಿ ದನ ಮೇಯಿಸುವುದನ್ನು ನಿಲ್ಲಿಸಿದರು. ಕಾಡುಕುರಿಗಳು ಹೆಚ್ಚಿದವು, ಅವೇ ಹಿಮ ಚಿರತೆಯ ಸಹಜ ಆಹಾರ. ಬಳಿಕ ಜಾನುವಾರು ವಿಮೆ ಬಂತು. ಸಾಕುವವರೇ ಕಂತು ಕಟ್ಟುತ್ತಾರೆ, ಊರಿನ ಸಮಿತಿಯೇ ಪರಿಶೀಲಿಸಿ ಪರಿಹಾರ ಕೊಡುತ್ತದೆ. ಸುಳ್ಳು ಹೇಳಿ ಹಣ ಪಡೆದರೆ ಅದು ನೆರೆಯವನ ಜೇಬಿಗೇ ಕತ್ತರಿ. ಆದ್ದರಿಂದ ಲೆಕ್ಕ ನೇರವಾಗಿರುತ್ತದೆ. ಈ ಕೆಲಸಕ್ಕೆ ಹೆಗಲು ಕೊಟ್ಟದ್ದು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಹಣ, ವಿಜ್ಞಾನ ಹೊರಗಿನಿಂದ ಬಂದರೂ ತೀರ್ಮಾನ ಊರಿನದಾಗಿ ಉಳಿಯಿತು. ಯೋಜನೆ ಬಾಳಿದ್ದು ಅದರಿಂದಲೇ.

ಸ್ಪಿತಿಯನ್ನೂ ಒಳಗೊಂಡ ಶೀತ ಮರುಭೂಮಿ ಜೀವಗೋಲ ಮೀಸಲು ಪ್ರದೇಶ 2025ರಲ್ಲಿ ಯುನೆಸ್ಕೊದ ಜಾಗತಿಕ ಜಾಲ ಸೇರಿದೆ. 2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗ ಮನಾಲಿ ಕಡೆಯ ದಾರಿಯನ್ನು ಸಲೀಸು ಮಾಡಿದೆ. ಸ್ಪಿತಿಯ ಮುಖ್ಯ ಪಟ್ಟಣ ಕಾಜಾದಲ್ಲಿ ಪ್ರವಾಸಿಗರು ತುಂಬುವುದೂ ಹೊಲಗಳು ನೀರು ಬೇಡುವುದೂ ಒಂದೇ ಬೇಸಿಗೆಯಲ್ಲಿ. ಹೋಟೆಲ್‌ನ ಶವರ್‌ಗೂ ಬಟಾಣಿ ಸಾಲಿಗೂ ಹರಿಯಬೇಕಾದದ್ದು ಅದೇ ಹಿಮದ ನೀರು. ಕಿಬ್ಬರ್‌ನಲ್ಲಿ ಹುಲ್ಲುಗಾವಲಿನ ಬಗ್ಗೆ ಊರು ಪಡೆದ ತೀರ್ಮಾನದ ಹಕ್ಕನ್ನು ನೀರಿನ ವಿಷಯದಲ್ಲೂ ಕಣಿವೆಯ ಎಲ್ಲ ಊರುಗಳಿಗೆ ಕೊಡಬೇಕು. ಹೊಸ ಹೋಟೆಲ್‌ಗೆ ಪರವಾನಗಿ ಕೊಡುವ ಮುನ್ನ ಅದು ಯಾವ ಕುಲ್‌ನಿಂದ, ಯಾವ ತಿಂಗಳಲ್ಲಿ, ಎಷ್ಟು ನೀರು ಪಡೆಯುತ್ತದೆ ಎಂಬುದಕ್ಕೆ ಗ್ರಾಮಸಭೆಯ ಒಪ್ಪಿಗೆಯನ್ನು ಸರ್ಕಾರ ಕಡ್ಡಾಯ ಮಾಡಬೇಕು.