ಹೊಳಿ ದಂಡಿ ಮಾತು – 6: ಬಂಡೆಯ ನೀರು ಯಾರಿಗೆ?

ಫೋಟೋದಾಗ ಕಾಣೂದು ಮಸಗುಪ್ಪಿ ಕಡೆಯ ಘಟಪ್ರಭಾ. ಈಗ ಎಷ್ಟು ಸುಮ್ಮನ ಹರಿಯಾಕತ್ತೈತಿ ನೋಡ್ರಿ. 2019ರ ಆಗಸ್ಟ್‌ನಾಗ ಇದೇ ಹೊಳಿ ಗೋಕಾಕ ಪ್ಯಾಟಿಯೊಳಗ ನುಗ್ಗಿತ್ತು.

ಅದಕ್ಕ, ಬೈಬಲ್‌ನಲ್ಲಿ ನೀರೆಂದರೆ ದೇವರ ಕೊಡುಗೆ ಅಂತ ಯಾರಾದರೂ ಸಲೀಸಾಗಿ ಹೇಳಿದರೆ ನನಗ ಅರ್ಧಾನೇ ಒಪ್ಪಿಗಿ. ನೋಹನ ಕಾಲದ ಪ್ರಳಯವೂ ಅದೇ ಪುಸ್ತಕದಾಗ ಐತಲ್ಲ! ಆ ನೀರು ಯಾರಿಗೆ ಮುಟ್ಟಿತು ಅಂತ ಕೇಳಬೇಕು.

ಅರಣ್ಯಕಾಂಡದ 20ನೇ ಅಧ್ಯಾಯ ತಗದು ಓದ್ರಿ. ಮೋಶೆ ಸಿಟ್ಟಿಲೆ ಬಂಡೆಗೆ ಎರಡು ಸಲ ಹೊಡೀತಾನ, ನೀರು ಹರಿದು ಬರತೈತಿ. ಜನ ಕುಡಿದರು, ಅವರ ದನಗಳೂ ಕುಡಿದವು. ಬ್ಯಾಸಗ್ಯಾಗ ಎಮ್ಮಿಗೆ ನೀರು ಹೊತ್ತವರಿಗೆ ಈ ಮಾತಿನ ತೂಕ ಗೊತ್ತು. ದೇವರ ಮಾತು ಮೀರಿದ್ದಕ್ಕೆ ಮೋಶೆಗೆ ಶಿಕ್ಷೆಯಾಯಿತು; ಜನರ ನೀರು ಮಾತ್ರ ನಿಲ್ಲಲಿಲ್ಲ. ಮುಖಂಡನ ತಪ್ಪಿಗೆ ಊರಿನ ನಳ ಬಂದ್ ಆಗಲಿಲ್ಲ ಅನ್ರಿ.

ಯೋಹಾನನ 4ನೇ ಅಧ್ಯಾಯದಾಗ ಇನ್ನೂ ಸೋಜಿಗ. ಯಾಕೋಬನ ಬಾವಿ ಹತ್ರ ದಣಿದು ಕುಂತ ಯೇಸು, ಸಮಾರ್ಯದ ಹೆಣ್ಣುಮಗಳ ಹತ್ರ ಕುಡಿಯಾಕ ನೀರು ಕೇಳತಾನ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇರಲಿಲ್ಲ, ಆಕಿಗೇ ಆಶ್ಚರ್ಯ. ಜೀವಜಲದ ಮಾತು ಬಂದದ್ದು ಆಮ್ಯಾಲ. ಬಾವಿಗೂ ಜಾತಿ ಹಚ್ಚಿದ ನಮ್ಮ ಸೀಮೆಯಲ್ಲಿ ಈ ಕತಿಗೆ ವ್ಯಾಖ್ಯಾನ ಬೇಕಿಲ್ಲ.

ಹಿಡಕಲ್ ಡ್ಯಾಮಿನ 51 ಟಿಎಂಸಿ ತುಂಬಿದರೆ ನಾವೆಲ್ಲ ಕೈ ಮುಗೀತೀವಿ. ಅವರವರ ದೇವರಿಗೆ, ಸರಿ. ಆದ್ರ ನಿಮ್ಮ ಕಾಲುವಿ ಕೊನೀ ಹೊಲಕ್ಕ ಈ ಸಲ ನೀರು ಮುಟ್ಟೇತೇನ್ರಿ? ಕೆಳಗ ಬರೀರಿ.