ಪೋಸ್ಟರಿನಲ್ಲಿ 100, ಪರದೆ ಮೇಲೆ ಎಷ್ಟು?

ಈ ಪುಟಕ್ಕೆ ಬರೋ ಟಪಾಲಿನಲ್ಲಿ ಮುಕ್ಕಾಲು ಪಾಲು ಯಾವ ನಟಿಗೆ ಮದುವೆ, ಯಾವ ನಟನಿಗೆ ಎಷ್ಟು ಸಂಭಾವನೆ ಅನ್ನೋದೇ. ಬರೀಲಿ, ಬೇಡ ಅನ್ನೋಲ್ಲ. ಆದರೆ ಈ ವಾರ ತಿಪಟೂರಿನ ತಾಯಿಯೊಬ್ಬರು ಬರೆದ ಪತ್ರ ಓದಿ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯೋರು. ಚೀಟಿ ಹಣದಲ್ಲಿ 7,000 ರೂಪಾಯಿ ತೆಗೆದಿಟ್ಟಿದ್ದಾರೆ. ಮಗನಿಗೆ ಮನೆಯಲ್ಲೇ ಕೂತು ಮಾಡೋ ಕೆಲಸ ಸಿಗೋ ಹಾಗಿದೆ. ಫೋನಿನ ನೆಟ್ ಆಗೋಲ್ಲ, ಫೈಬರ್ ಹಾಕಿಸು ಅಂದಿದ್ದಾರಂತೆ ಆ ಕಂಪನಿಯವರು. ಬೀದಿಯಲ್ಲಿ ಮೂರು ಜನರ ಕರಪತ್ರ ಹಂಚಿದ್ದಾರೆ. "ಅಣ್ಣಾ, ವರ್ಷದ್ದು ಒಟ್ಟಿಗೇ ಕಟ್ಟಿದರೆ ಎರಡು ತಿಂಗಳು ಫ್ರೀ, ಸಿನಿಮಾನೂ ಫ್ರೀ ಅಂತಾರೆ. ಕಟ್ಟಿಬಿಡಲಾ?"

ತಾಯೀ, ತಡೀರಿ! ಫೈಬರ್ ಹಾಕಿಸಿ, ಧಾರಾಳವಾಗಿ ಹಾಕಿಸಿ. ವರ್ಷದ್ದು ಮಾತ್ರ ಕಟ್ಟಬೇಡಿ. ಯಾಕೆ ಅಂತ ಹೇಳ್ತೀನಿ ಕೇಳಿ.

ಸಿನಿಮಾ ಪತ್ರಿಕೆಯಲ್ಲಿ ಇದೆಂಥ ಪುರಾಣ ಅಂತ ಮೂಗು ಮುರಿಯೋರಿಗೆ ಮೊದಲು ಒಂದು ಮಾತು. 2020ರ ಜುಲೈ 17ರಂದು ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ' ಚಿತ್ರ ಥಿಯೇಟರಿನ ಮುಖವನ್ನೇ ನೋಡದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂತು. ಸರಿಯಾಗಿ ಒಂದು ವಾರಕ್ಕೆ 'ಫ್ರೆಂಚ್ ಬಿರಿಯಾನಿ'. ಆವತ್ತಿಂದ ಮನೆಗೆ ಬರೋ ವೈರೂ ಪ್ರೊಜೆಕ್ಟರಿನ ಲೆಕ್ಕಕ್ಕೇ ಸೇರಿಬಿಟ್ಟಿದೆ. ಟೆಂಟಿನಲ್ಲಿ ರೀಲು ಕಟ್ಟಾದರೆ ಶಿಳ್ಳೆ ಹೊಡೀತಿದ್ದಿರಿ. ಮನೆಯಲ್ಲಿ ಚಕ್ರ ಸುತ್ತೋಕೆ ಶುರುವಾದರೆ ಯಾರಿಗೆ ಹೊಡೀತೀರಿ?

ಈಗ ಪೋಸ್ಟರ್ ವಿಚಾರ. ಕರಪತ್ರದಲ್ಲಿ '100 ಎಂಬಿಪಿಎಸ್' ಅನ್ನೋದು ಹೀರೋ ಕಟೌಟಿನಷ್ಟು ದೊಡ್ಡದು. ಪಕ್ಕದಲ್ಲಿ ಇರುವೆ ಗಾತ್ರದಲ್ಲಿ 'ವರೆಗೆ' ಅಂತಿರುತ್ತದೆ. ಆ ಇರುವೆಯನ್ನು ಮೊದಲು ಓದಿ. ಇನ್ನೊಂದು ಚಮತ್ಕಾರ: ಅವರು ಅಳೆಯೋದು ಬಿಟ್‌ನಲ್ಲಿ, ನಿಮ್ಮ ಫೋನು ಫೈಲಿನ ತೂಕ ತೋರಿಸೋದು ಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಅಂದರೆ ಸೆಕೆಂಡಿಗೆ 12.5 ಎಂಬಿ ಇಳಿಯಬಹುದು, ಅಷ್ಟೆ. ಇದು ಮೋಸ ಅಲ್ಲ, ಆದರೆ ಗೊತ್ತಿಲ್ಲದೇ ಇದ್ದರೆ ಆಮೇಲೆ ಜಗಳ.

ಬೆಲೆಯಲ್ಲೂ ಹಾಗೇ. ತಿಂಗಳಿಗೆ 499 ಅಂತ ಬರೆದಿದ್ದರೆ ವರ್ಷಕ್ಕೆ 5,988 ಅಂದುಕೊಳ್ತೀರಿ. ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ಆಗ 7,066 ರೂಪಾಯಿ. ತಾಯೀ, ನಿಮ್ಮ ಚೀಟಿ ಹಣ ಅಲ್ಲೇ ಮುಗಿದು ಮೇಲೆ 66 ಸಾಲ! ಹಾಕೋ ಕೂಲಿ, ಡಿಪಾಸಿಟ್ಟು, ವೈರಿನ ದುಡ್ಡು ಬೇರೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. 'ಎಲ್ಲಾ ಸೇರಿ ಕೈಗೆ ಎಷ್ಟು?' ಈ ಒಂದೇ ಪ್ರಶ್ನೆ ಸಾಕು.

ಹಾಗಾದರೆ ಎಷ್ಟು ವೇಗ ಬೇಕು? ಕೌಂಟರಿನಲ್ಲಿ ಕೂತ ಹುಡುಗ 300 ತಗೊಳ್ಳಿ ಅಂತಾನೆ. ನೆಟ್‌ಫ್ಲಿಕ್ಸ್‌ನವರು ತಾವೇ ಹೇಳಿರೋ ಲೆಕ್ಕ ನೋಡಿ: ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, ಕಣ್ಣು ಕುಕ್ಕೋ 4ಕೆಗೆ 15. ನಿಮ್ಮ ಮನೆಯಲ್ಲಿ ಮಗ ಕೆಲಸದ ವೀಡಿಯೋ ಮೀಟಿಂಗಿನಲ್ಲಿರಲಿ, ನೀವು ಮಿಷನ್ ತುಳೀತಾ ಧಾರಾವಾಹಿ ನೋಡಿ, ಇನ್ನೊಬ್ಬರು ಫೋನ್ ಹಿಡಿದಿರಲಿ, ಎಲ್ಲಾ ಸೇರಿ 20 ದಾಟೋದು ಕಷ್ಟ. ನಿಜವಾಗಿ ಬರೋ 40 ಇದ್ದರೆ ರಾಜವೈಭೋಗ. ಮಗನ ಕೆಲಸಕ್ಕೆ ಕೇಳಬೇಕಾದ್ದು ಇನ್ನೊಂದಿದೆ: ಮನೆಯಿಂದ ಆಚೆ ಹೋಗೋ ವೇಗ, ಅಂದರೆ ಅಪ್‌ಲೋಡ್, ಎಷ್ಟು? ಮೀಟಿಂಗಿನಲ್ಲಿ ಅವನ ಮುಖ ಆ ಕಡೆಯವರಿಗೆ ಕಾಣೋದು ಆ ವೇಗದಿಂದ. ಇಳಿಯೋದಕ್ಕೂ ಏರೋದಕ್ಕೂ ಒಂದೇ ವೇಗ ಅಂತ ಹೇಳಿದರೆ ಒಳ್ಳೇದು. ಕರಪತ್ರದಲ್ಲಿ ಒಂದೇ ಅಂಕಿ ಇದ್ದರೆ ಕೇಳಿಯೇ ತಿಳಕೋಬೇಕು.

ಅಂದ ಹಾಗೆ ಈ ಗಾಜಿನ ದಾರದ ಕಥೆಗೆ ನಮ್ಮ ದೇಶದ ನಂಟಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲೇ ಗಾಜಿನೆಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಬಹುದು ಅಂತ ತೋರಿಸಿಕೊಟ್ಟರು. ಮಾತು, ಚಿತ್ರ ಎಲ್ಲವನ್ನೂ ಮೈಲಿಗಟ್ಟಲೆ ದೂರ ಕಳಿಸಬಹುದು ಅಂತ 1966ರಲ್ಲಿ ಲೆಕ್ಕ ಹಾಕಿ ಹೇಳಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಂತು. ಕಪಾನಿಯವರಿಗೆ ನಮ್ಮ ಸರ್ಕಾರ ಪದ್ಮವಿಭೂಷಣ ಕೊಟ್ಟದ್ದು 2021ರಲ್ಲಿ, ಅವರು ತೀರಿಕೊಂಡ ಮೇಲೆ. ಪೋಷಕ ನಟರ ಹಣೇಬರಹ ಎಲ್ಲಾ ಕಡೆ ಒಂದೇ ನೋಡಿ!

ಇರಲಿ, ಬೀದಿಗೆ ಬರೋಣ. ನಿಮ್ಮ ಮನೆಗೆ ಬರೋ ಎಳೆ ನಿಮ್ಮೊಬ್ಬರದೇ ಅಲ್ಲ. ಕಂಬದ ಪೆಟ್ಟಿಗೆಯಲ್ಲಿ ಒಂದು ಎಳೆಯ ಬೆಳಕನ್ನು ಒಡೆದು 32 ಮನೆಗೋ 64 ಮನೆಗೋ ಹಂಚಿರುತ್ತಾರೆ. ಇಲ್ಲಿ ಹೆಚ್ಚು ಬಳಕೆಯಲ್ಲಿರೋ ಜಿಪಾನ್ ಪದ್ಧತಿಯಲ್ಲಿ ಆ ಎಳೆ ತರೋದು ಸುಮಾರು 2,500 ಎಂಬಿಪಿಎಸ್. 64ರಿಂದ ಭಾಗಿಸಿ. ತಲೆಗೆ 39! ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯೋಲ್ಲ, ಅದಕ್ಕೇ ಸುಧಾರಿಸುತ್ತದೆ. ಎಷ್ಟೋ ಸಲ ಗಂಟು ಬೀಳೋದು ಅಲ್ಲೂ ಅಲ್ಲ, ಊರಿನಿಂದ ಆಚೆ ಹೋಗೋ ದೊಡ್ಡ ಸಾಲಿನಲ್ಲಿ. ಆಪರೇಟರು ಅಲ್ಲಿ ಕಡಿಮೆ ಕೊಂಡು ಇಲ್ಲಿ ಹೆಚ್ಚು ಮಾರಿದ್ದರೆ ಮಧ್ಯಾಹ್ನ ಮ್ಯಾಟ್ನಿ ಹೊತ್ತಿಗೆ ಭರ್ಜರಿ ವೇಗ, ರಾತ್ರಿ ಒಂಬತ್ತಕ್ಕೆ ಹೌಸ್‌ಫುಲ್ ಬೋರ್ಡು.

ಅದಕ್ಕೇ ನನ್ನ ಮಾತು: ಅಂಗಡಿಯಲ್ಲಿ ತೋರಿಸೋ ಪರೀಕ್ಷೆ ನಂಬಬೇಡಿ. ನಿಮ್ಮ ಬೀದಿಯಲ್ಲೇ, ಅದೇ ಕಂಬದಿಂದ ಎಳೆದಿರೋ ಮನೆ ಹುಡುಕಿ. ಭಾನುವಾರ ರಾತ್ರಿ ಒಂಬತ್ತಕ್ಕೆ ಮಗನನ್ನು ಅಲ್ಲಿಗೆ ಕಳಿಸಿ. ವೈಫೈ ಬಾಕ್ಸಿನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆಯಲಿ. ಅದು ನೆಟ್‌ಫ್ಲಿಕ್ಸ್‌ನವರದ್ದು, ಅವರ ಯಂತ್ರಗಳಿಂದಲೇ ಅಳೆಯುತ್ತದೆ. ಬೇರೆ ಕೆಲವು ಪರೀಕ್ಷೆಗಳು ಆಪರೇಟರನ ಸ್ವಂತ ಯಂತ್ರಕ್ಕೇ ಹೋಗಿ ಬಂದು ಫಸ್ಟ್ ಕ್ಲಾಸ್ ಅಂದುಬಿಡುತ್ತವೆ, ಮನೆಯವರೇ ಬರೆದ ವಿಮರ್ಶೆ ಇದ್ದ ಹಾಗೆ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ನೋಡಿ, ಎರಡನ್ನೂ ಬರೆದುಕೊಳ್ಳಲಿ. ರಾತ್ರಿಯದ್ದು ಮಧ್ಯಾಹ್ನದ ಅರ್ಧಕ್ಕಿಂತ ಕೆಳಗೆ ಬಿದ್ದಿದ್ದರೆ ಆ ಆಪರೇಟರನ್ನು ನಾನಾದರೆ ಬಿಟ್ಟುಬಿಡ್ತೀನಿ.

ಆ ಮನೆಯವರಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ವೇಗಕ್ಕಿಂತ ಮುಖ್ಯ. "ಕೆಂಪು ದೀಪ ಬಂದರೆ ಯಾವಾಗ ಬರ್ತಾರೆ?" ಬಾಕ್ಸಿನ ಮೇಲೆ ಎಲ್‌ಓಎಸ್ ಅಂತ ಬರೆದಿರೋ ಪುಟ್ಟ ದೀಪ ಇರುತ್ತದೆ. ಅದು ಕೆಂಪಗೆ ಮಿಣುಕಿದರೆ ಬೆಳಕು ಬರ್ತಾ ಇಲ್ಲ ಅಂತ ಅರ್ಥ. ಲಾರಿ ತಗಲಿ ವೈರು ಹರಿದಿರಬಹುದು, ತೆಂಗಿನ ಗರಿ ಬಿದ್ದಿರಬಹುದು, ಮಂಗ ಜೋತಾಡಿರಬಹುದು. ಎಳೆಯನ್ನು ಮೊಳೆ ಸುತ್ತ ಬಿಗಿಯಾಗಿ ಬಗ್ಗಿಸಿದರೂ ಬೆಳಕು ಸೋರಿಹೋಗುತ್ತದೆ. ಸರಿಮಾಡೋದಕ್ಕೆ ಎಳೆಗೆ ಎಳೆ ಬೆಸೆಯೋ ಯಂತ್ರ ಬೇಕು, ಅದು ಹಿಡಿದು ಬರೋ ಮನುಷ್ಯ ಬೇಕು. ನಾಲ್ಕು ಗಂಟೆಯಲ್ಲಿ ಬಂದ ಅಂದರೆ 40ರ ಪ್ಲಾನೂ ಚಿನ್ನ. ನಾಲ್ಕು ದಿನ ಆಯ್ತು ಅಂದರೆ 300 ಇದ್ದು ಏನು ಮಾಡ್ತೀರಿ? ನಾಲ್ಕು ದಿನ ಕೆಲಸಕ್ಕೆ ಚಕ್ಕರ್ ಆದರೆ ಹೊಸ ಹುಡುಗನನ್ನು ಇಟ್ಟುಕೊಳ್ಳೋ ಕಂಪನಿ ಯಾವುದು ಹೇಳಿ?

ವೈರು ಹಾಕಿದ ದಿನ ಲೈನ್‌ಮನ್ ಹತ್ತಿರ ಮೀಟರ್ ಇರುತ್ತದೆ, ಮನೆಗೆ ತಲುಪಿದ ಬೆಳಕು ಎಷ್ಟು ಅಂತ ತೋರಿಸು ಅನ್ನಿ. ಮೈನಸ್ 20, ಮೈನಸ್ 22 ಇದ್ದರೆ ನೆಮ್ಮದಿ. ಮೈನಸ್ 27ರ ಅಂಚಿನಲ್ಲಿದ್ದರೆ ಮೊದಲ ಗಾಳಿಮಳೆಗೇ ಕೆಂಪು ದೀಪ. ಆಗಲೇ ಮತ್ತೆ ಬೆಸೆಸಿಕೊಳ್ಳಿ, ಅವನು ಏಣಿ ಇಳಿದು ಹೋದ ಮೇಲೆ ಕಷ್ಟ.

ಕರೆಂಟಿನ ವಿಷಯ ಯಾವ ಕರಪತ್ರದಲ್ಲೂ ಇರೋಲ್ಲ. ನಿಜವಾದ ಫೈಬರ್ ಮನೆಯೊಳಗಿನ ಬಾಕ್ಸಿನವರೆಗೂ ಗಾಜೇ ಆಗಿ ಬರುತ್ತದೆ. ದಾರಿಯಲ್ಲಿ ಬೆಳಕು ಹಂಚೋ ಪೆಟ್ಟಿಗೆಗೆ ಕರೆಂಟೇ ಬೇಡ. ಬೀದಿಯೆಲ್ಲ ಕತ್ತಲಾದರೂ ನಿಮ್ಮ ಬಾಕ್ಸಿಗೆ ಒಂದು ಪುಟ್ಟ ಯುಪಿಎಸ್ ಇಟ್ಟರೆ, ಆಪರೇಟರನ ಕಚೇರಿಯಲ್ಲಿ ಬ್ಯಾಟರಿ ಇದ್ದರೆ, ನೆಟ್ ನಡೀತಾನೇ ಇರುತ್ತದೆ. ಆ ಯುಪಿಎಸ್ ಸಾವಿರ ಚಿಲ್ಲರೆಗೆ ಸಿಗುತ್ತದೆ. ಬಾಕ್ಸಿನ ಅಡಿಯಲ್ಲಿ ಎಷ್ಟು ವೋಲ್ಟ್ ಅಂತ ನೋಡಿ ತನ್ನಿ, ಹೆಚ್ಚಿನವು 12. ಆದರೆ ಕೆಲವರು ಫೈಬರ್ ಅಂತ ಹೆಸರು ಹೇಳಿ ಪಕ್ಕದ ಕಟ್ಟಡದ ಮಹಡಿವರೆಗೆ ಮಾತ್ರ ಗಾಜು ತಂದು, ಅಲ್ಲಿಂದ ಮಾಮೂಲು ತಾಮ್ರದ ಲ್ಯಾನ್ ಕೇಬಲ್ ಎಳೀತಾರೆ. ಆ ಮಹಡಿಯ ಸ್ವಿಚ್ಚಿಗೆ ಕರೆಂಟ್ ಹೋದರೆ ನಿಮ್ಮ ನೆಟ್ಟೂ ಹೋಯ್ತು, ನಿಮ್ಮನೆಯಲ್ಲಿ ಯುಪಿಎಸ್ ಇದ್ದೂ ದಂಡ. ಸಿಡಿಲು ಬಡಿದರೆ ಬಾಕ್ಸೂ ಸುಡಬಹುದು. "ಗಾಜಿನ ವೈರು ಮನೆಯೊಳಗೆ ಬರುತ್ತಾ?" ಅಂತಲೇ ಕೇಳಿ.

ಬಾಕ್ಸ್ ಎಲ್ಲಿ ಇಡಬೇಕು ಅನ್ನೋದನ್ನು ಗೋಡೆ ಕೊರೆಯೋ ಮುಂಚೆ ತೀರ್ಮಾನ ಮಾಡಿ. ಮಗ ಕೂರೋ ಮೇಜಿನ ಹತ್ತಿರವೇ ಇರಲಿ, ಅವನ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಸಿಕ್ಕಿಸಿಬಿಡಲಿ. ಹಳೇ ಮನೆಯ ದಪ್ಪ ಗೋಡೆ ವೈಫೈಗೆ ದೊಡ್ಡ ವಿಲನ್.

'ಸಿನಿಮಾ ಫ್ರೀ' ಅಂದರೆ ಯಾವ ಯಾವ ಆ್ಯಪು, ಎಷ್ಟು ತಿಂಗಳು, ಟಿವಿಯಲ್ಲಿ ಬರುತ್ತೋ ಬರೀ ಫೋನಿನಲ್ಲೋ ಅಂತ ಕೇಳಿ. ಕನ್ನಡ ಚಿತ್ರಗಳು ಇರೋ ಆ್ಯಪು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನಮಗೆ ಅದು ಯಾತಕ್ಕೆ? 'ಅನ್‌ಲಿಮಿಟೆಡ್' ಅನ್ನೋದಕ್ಕೂ ಮಿತಿ ಉಂಟು. ಹಲವು ಪ್ಲಾನುಗಳಲ್ಲಿ ತಿಂಗಳಿಗೆ 3,300 ಜಿಬಿ. ಎರಡೂವರೆ ಗಂಟೆಯ 4ಕೆ ಚಿತ್ರಕ್ಕೆ ಸುಮಾರು 17 ಜಿಬಿ ಹಿಡಿದರೂ ದಿನಕ್ಕೆ ಆರು ಚಿತ್ರ ನೋಡಬಹುದು, ಕಣ್ಣು ಉಳಿದರೆ! ಅಗ್ಗದ ಪ್ಲಾನಿನಲ್ಲಿ ಮಾತ್ರ ಮಿತಿ ಬಹಳ ಕಡಿಮೆ ಇರಬಹುದು. ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತೆ ಅನ್ನೋದೂ ಬರವಣಿಗೆಯಲ್ಲಿರಲಿ.

ಇನ್ನು ವರ್ಷದ ಮುಂಗಡ. ಮೊಬೈಲ್ ಆದರೆ ನಂಬರ್ ಇಟ್ಟುಕೊಂಡೇ ಕಂಪನಿ ಬದಲಾಯಿಸ್ತೀವಿ. ಇಲ್ಲಿ ಆ ಸೌಲಭ್ಯ ಇಲ್ಲ, ಬಿಡಬೇಕು ಅಂದರೆ ಹೊಸಬರಿಂದ ಹೊಸ ವೈರು ಎಳೆಸಬೇಕು. ಹನ್ನೆರಡು ತಿಂಗಳ ದುಡ್ಡು ಅವನ ಗಲ್ಲಾಪೆಟ್ಟಿಗೆ ಸೇರಿದ ಮೇಲೆ ನಿಮ್ಮ ಫೋನ್ ಕರೆಗೆ ಅವಸರ ಯಾರಿಗಿದೆ? ತಿಂಗಳು ತಿಂಗಳು ಕಟ್ಟೋರ ಮನೆಗೇ ಲೈನ್‌ಮನ್ ಮೊದಲು ಬರೋದು. 'ಎರಡು ತಿಂಗಳು ಫ್ರೀ' ಬಿಟ್ಟರೆ ನಿಮಗೆ ಸಾವಿರ ಚಿಲ್ಲರೆ ನಷ್ಟ, ಆರು ಸಾವಿರ ಕೈಯಲ್ಲೇ ಉಳೀತು. ಮೊದಲು ಒಂದು ತಿಂಗಳು, ಹೆಚ್ಚೆಂದರೆ ಮೂರು. ಒಂದು ಮಳೆಗಾಲ ಕಳೀಲಿ, ಆಮೇಲೆ ವರ್ಷದ ಮಾತು.

ರಸೀದಿ ನಿಮ್ಮ ಹೆಸರಿನಲ್ಲೇ ಇರಲಿ. ಮನೆಗೆ ಬರೋ ಹುಡುಗನ ಸ್ವಂತ ಫೋನ್ ನಂಬರಿಗೆ ದುಡ್ಡು ಹಾಕಬೇಡಿ, ಕಂಪನಿಯ ಖಾತೆಗೇ ಹೋಗಲಿ. ದೂರು ಕೊಟ್ಟಾಗ ದೂರಿನ ನಂಬರ್ ಕೇಳಿ ತಗೊಳ್ಳಿ. 2012ರ ಟ್ರಾಯ್ ನಿಯಮದ ಪ್ರಕಾರ ಅದನ್ನು ಕೊಡಲೇಬೇಕು, ದೂರು ತೀರದಿದ್ದರೆ ಅಪೀಲು ಕೇಳೋ ವ್ಯವಸ್ಥೆಯೂ ಕಂಪನಿಯಲ್ಲಿ ಇರಲೇಬೇಕು. ಬಾಕ್ಸ್ ನಿಮಗೆ ಮಾರಿದ್ದೋ, ಬಾಡಿಗೆಗೆ ಕೊಟ್ಟಿದ್ದೋ ಅಂತ ರಸೀದಿಯಲ್ಲಿ ಬರೆಸಿ. ಅದರ ಬೆನ್ನಿನ ಮೇಲಿರೋ ಸೀರಿಯಲ್ ನಂಬರಿನ ಫೋಟೋ ಮಗನ ಫೋನಿನಲ್ಲಿರಲಿ. ಬಿಡೋ ದಿನ ಬಾಕ್ಸ್ ವಾಪಸ್ ಕೊಟ್ಟು, ಕೊಟ್ಟೆ ಅನ್ನೋದಕ್ಕೆ ಸಹಿ ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.